ತಳ ಒರೆಸಿದ ಬಿಲ್ಲೆಗಳು

ನನ್ನ ಅತ್ತಿಗೆಯನ್ನು ಯಾರ ಮನೆಗಾದರೂ ಕರೆದುಕೊಂಡು ಹೋಗುವುದೆಂದರೆ ನನಗೆ ಮುಜುಗರ. ಚಹಾ ಕೊಟ್ಟರೆ ಕುಡಿಯುವ ಮೊದಲು ಬಟ್ಟಲನ್ನು ತಲೆಯ ಮಟ್ಟಕ್ಕೆ ಎತ್ತಿ ಅದರ ತಳ ನೋಡುತ್ತಾರೆ. ತಳದ ಅಂಚನ್ನು ಚೊಕ್ಕವಾಗಿ ಒರೆಸಿದ್ದರೆ ತಲೆಯಾಡಿಸಿ ಕುಡಿಯುತ್ತಾರೆ. ಅಲ್ಲೊಂದು ಮೆರುಗಿನ ಹನಿ ಅಂಟಿಕೊಂಡಿದ್ದರೆ "ಯಾರೋ ಅವಸರದವರು ಮಾಡಿದ್ದು" ಎಂದು ಮನೆಯವರ ಮುಖಕ್ಕೇ ಹೇಳುತ್ತಾರೆ. ಆ ಮನೆಯವರು ಬಟ್ಟಲನ್ನು ಅಂಗಡಿಯಿಂದ ತಂದವರು ಅಷ್ಟೇ. ಆದರೂ ಪಾಪ, ತಾವೇ ತಪ್ಪು ಮಾಡಿದವರ ಹಾಗೆ ತಲೆ ತಗ್ಗಿಸಿ ಕೂರುತ್ತಾರೆ.

ಅತ್ತಿಗೆಯ ತಪ್ಪೂ ಅಲ್ಲ ಬಿಡಿ. ಮೂವತ್ತೊಂದು ವರ್ಷ ಅವರು ಪಿಂಗಾಣಿ ಕಾರ್ಖಾನೆಯಲ್ಲಿ ಬಟ್ಟಲಿಗೆ ಗಾಜಿನಂಥ ಹೊಳಪಿನ ಮೆರುಗು ಹಾಕುವ ಕೆಲಸ ಮಾಡಿದವರು. ಒಮ್ಮೆ ಸುಟ್ಟ ಬಟ್ಟಲನ್ನು ಗಂಜಿಯಷ್ಟು ಮಂದವಾದ ಮೆರುಗಿನ ನೀರಿನಲ್ಲಿ ಅದ್ದಿ, ಎತ್ತಿ, ಕೊಡವಿ, ಒದ್ದೆ ಸ್ಪಂಜಿನಿಂದ ತಳ ಒರೆಸಿ, ಹಲಗೆಯ ಮೇಲೆ ಇಡುವುದು. ತಳ ಒರೆಸದಿದ್ದರೆ ಭಟ್ಟಿಯ ಬಿಸಿಗೆ ಮೆರುಗು ಕರಗಿ, ಬಟ್ಟಲು ಕೆಳಗಿನ ಹಾಸುಗಲ್ಲಿಗೆ ಕಚ್ಚಿಕೊಳ್ಳುತ್ತದೆ. ಆಮೇಲೆ ಸುತ್ತಿಗೆಯೇ ಗತಿ. ದಿನಕ್ಕೆ ಎಂಟುನೂರು ಬಟ್ಟಲು ಅವರ ಕೈ ದಾಟಿ ಬರುತ್ತಿದ್ದವು. ಅವನ್ನು ಭಟ್ಟಿಗೆ ತುಂಬಿ ಸುಡುವವನು ನಾನು. ಸುಟ್ಟದ್ದನ್ನು ಹುಲ್ಲಿನಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕುವವನು ನನ್ನ ಅಣ್ಣ. ಒಂದೇ ಮನೆಯ ಮೂವರು ಮುಟ್ಟಿದ ಬಟ್ಟಲಲ್ಲಿ ಯಾರ್‍ಯಾರೋ ಎಲ್ಲೆಲ್ಲೋ ಚಹಾ ಕುಡಿಯುತ್ತಿದ್ದರು.

ಅಣ್ಣ ತೀರಿಕೊಂಡ. ಎರಡು ವರ್ಷದ ನಂತರ ಕಾರ್ಖಾನೆಯೂ ಬಾಗಿಲು ಹಾಕಿತು. ನನಗೆ ಊರಾಚೆಯ ಸಂಶೋಧನಾ ಸಂಸ್ಥೆಯೊಂದರಲ್ಲಿ ಫರ್ನೇಸ್ ನೋಡಿಕೊಳ್ಳುವ ಕೆಲಸ ಸಿಕ್ಕಿತು. ಅತ್ತಿಗೆ ಮನೆಯಲ್ಲೇ ಉಳಿದರು. ಸುಮ್ಮನೆ ಕೂತು ಅಭ್ಯಾಸವಿಲ್ಲದವರು ಮನೆಯಲ್ಲಿ ಕೂತರೆ ಏನಾಗುತ್ತದೆ ಎಂದು ನನ್ನ ಹೆಂಡತಿಯನ್ನು ಕೇಳಿ. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದರು, ಒರೆಸಿದ ನೆಲವನ್ನೇ ಮತ್ತೆ ಒರೆಸಿದರು. ಕಡೆಗೆ ನನ್ನ ಹೆಂಡತಿ ನನ್ನನ್ನು ಮೂಲೆಗೆ ಕರೆದು, "ಅಕ್ಕನಿಗೆ ಎಲ್ಲಾದರೂ ಒಂದು ಕೆಲಸ ನೋಡಿ, ಇಲ್ಲಾಂದ್ರೆ ನಾನೇ ಹೊರಗೆ ಕೆಲಸಕ್ಕೆ ಹೋಗ್ತೀನಿ" ಎಂದಳು.

ಅದೇ ಹೊತ್ತಿಗೆ ನಮ್ಮ ಪ್ರಯೋಗಾಲಯದಲ್ಲೊಂದು ಪೇಚಾಟ ನಡೆದಿತ್ತು. ಅಲ್ಲಿಯ ಮೇಡಂ, ಮೂವತ್ತರ ಆಸುಪಾಸಿನ ಹೆಣ್ಣುಮಗಳು, ಪಿಂಗಾಣಿ ಬಿಲ್ಲೆಗಳ ಮೇಲೆ ಕೆಲಸ ಮಾಡುತ್ತಿದ್ದರು. ಅಂಗೈ ಅಗಲ, ಹೆಬ್ಬೆರಳು ದಪ್ಪ, ಮೈಯೆಲ್ಲ ತೂತು. ಬ್ರೆಡ್ಡಿನ ಹೋಳನ್ನು ಕಲ್ಲು ಮಾಡಿಟ್ಟ ಹಾಗೆ ಕಾಣುತ್ತದೆ. ಆ ತೂತುಗಳ ಒಳಗೋಡೆಗೆಲ್ಲ ಒಂದು ನಸು ಹಳದಿ ಪುಡಿಯ ಲೇಪ ಕೊಡಬೇಕು. ಆಮೇಲೆ ಬಿಲ್ಲೆಯನ್ನು ಫರ್ನೇಸಿನ ಕೊಳವೆಯಲ್ಲಿಟ್ಟು, ಕೆಂಡದ ಬಣ್ಣ ಬರುವಷ್ಟು ಕಾಯಿಸಿ, ಇಂಗಾಲದ ಡೈಆಕ್ಸೈಡನ್ನೂ ಜಲಜನಕವನ್ನೂ ಅದರ ಮೂಲಕ ಹಾಯಿಸಬೇಕು. ಲೇಪ ಸರಿಯಾಗಿದ್ದರೆ ಕೆಲಸಕ್ಕೆ ಬಾರದ ಆ ಡೈಆಕ್ಸೈಡು, ಇಂಧನ ತಯಾರಿಸಲು ಬರುವ ಬೇರೊಂದು ಅನಿಲವಾಗಿ ಆಚೆಗೆ ಬರುತ್ತದೆ. ಬಿಸಿ ಎಲ್ಲಕ್ಕಿಂತ ಹೆಚ್ಚಿರುವುದು ಕೊಳವೆಯ ಕೆಳಭಾಗದಲ್ಲಿ. ಅನಿಲ ಒಳಗೆ ಬರುವುದೂ ಅಲ್ಲಿಂದಲೇ.

ಮೇಡಂ ಬುದ್ಧಿವಂತೆ, ಆದರೆ ಕೈ ಮಾತ್ರ ದೇವರಿಗೇ ಪ್ರೀತಿ. ಅವರು ಅದ್ದಿದ ಬಿಲ್ಲೆಯಲ್ಲಿ ಅರ್ಧ ತೂತು ಮುಚ್ಚಿಹೋಗುತ್ತಿತ್ತು, ಇನ್ನರ್ಧಕ್ಕೆ ಲೇಪವೇ ತಾಗುತ್ತಿರಲಿಲ್ಲ. ನೋಡಿ ನೋಡಿ ತಡೆಯಲಾರದೆ ನಾನು ಬಾಯಿ ಹಾಕಿದೆ: "ಮೇಡಂ, ಈ ಕೆಲಸ ಗೊತ್ತಿರೋರು ಒಬ್ರು ನಮ್ಮನೇಲೇ ಇದ್ದಾರೆ."

ಅತ್ತಿಗೆ ಬಂದ ಮೊದಲ ದಿನ ಮೇಡಂ ಅವರಿಗೆ ಕೆಲಸದ ಗುಟ್ಟನ್ನೆಲ್ಲ ತಾಳ್ಮೆಯಿಂದ ವಿವರಿಸಿದರು.

"ಅಂದ್ರೆ ಉರಿದು ಮುಗಿದಿದ್ದನ್ನ ಮತ್ತೆ ಉರಿಯೋ ಹಾಗೆ ಮಾಡ್ತೀರಿ?" ಅತ್ತಿಗೆ ಕೇಳಿದರು.

"ಹೆಚ್ಚು ಕಡಿಮೆ ಅಷ್ಟೇ."

"ಒಳ್ಳೇದಾಯ್ತು. ನನ್ನ ಮೈದುನ ಎಷ್ಟು ಸಲ ಹಾಲು ಸೀಯಿಸಿದ್ದಾನೋ, ಅದನ್ನೂ ಮುಂದೆ ನೋಡಿಕೊಳ್ಳಿ."

ಮೇಡಂ ನಕ್ಕರು. ಆವತ್ತಿನಿಂದ ಅವರಿಬ್ಬರಿಗೂ ಸರಿಹೋಯಿತು, ಹಾಸ್ಯಕ್ಕೆ ಸಿಕ್ಕಿದವನು ನಾನು. ನನ್ನ ಬಾಯಿಂದ ಕೇಳಿ ಕೇಳಿ ಇಡೀ ಪ್ರಯೋಗಾಲಯವೇ ಅವರನ್ನು ಅತ್ತಿಗೆ ಎಂದು ಕರೆಯತೊಡಗಿತು. ಅವರಿಗಿಂತ ಹತ್ತು ವರ್ಷ ದೊಡ್ಡವರಾದ ನಿರ್ದೇಶಕರೂ ಬಾಗಿಲಲ್ಲಿ ಇಣುಕಿ "ಹೇಗಿದ್ದೀರಿ ಅತ್ತಿಗೆ?" ಎನ್ನುವರು.

ಕೆಲಸ ನೋಡಬೇಕಿತ್ತು ನೀವು. ಎರಡು ಬೆರಳಿನ ತುದಿಯಲ್ಲಿ ಬಿಲ್ಲೆಯ ಅಂಚು ಹಿಡಿದು ಲೇಪದಲ್ಲಿ ಮುಳುಗಿಸಿ, ಮನಸ್ಸಿನಲ್ಲೇ ಎಣಿಸಿ, ಮೇಲೆತ್ತಿ, ಮಣಿಕಟ್ಟಿನಿಂದ ಮೂರು ಸಲ ಕೊಡವುವರು. ಅನಂತರ ಬಿಲ್ಲೆಯ ಆಚೆಗೆ ಒಂದು ಕೈಯನ್ನು ಒಡ್ಡಿ, ಈಚೆಯಿಂದ ಬಾಯಲ್ಲಿ ಊದುವರು. ಉಸಿರು ಅಂಗೈಗೆ ತಾಗಿದರೆ ತೂತುಗಳು ತೆರೆದಿವೆ ಎಂದರ್ಥ. ಒಣಗಿದ ಮೇಲೆ ಗಾಜಿನ ಬಾಗಿಲಿನ ತಕ್ಕಡಿಯಲ್ಲಿ ತೂಗುವುದು. ಪ್ರತಿ ಬಿಲ್ಲೆಗೂ ನಾಲ್ಕು ಗ್ರಾಂ ಲೇಪ ಹತ್ತಬೇಕು, ಕಡಿಮೆ ಬಂದರೆ ಮತ್ತೆ ಅದ್ದಬೇಕು ಎಂದು ಮೇಡಂ ಹೇಳಿದ್ದರು. ಮೂರನೇ ಸಲಕ್ಕೆ ನಾಲ್ಕು ಗ್ರಾಂ ಕರಾರುವಾಕ್ಕಾಗಿ ಬರುತ್ತಿತ್ತು. ನನಗೋ ಹೆಮ್ಮೆ. ಎದೆಯುಬ್ಬಿಸಿಕೊಂಡು ತಿರುಗಿದೆ, ಅದ್ದಿದವನು ನಾನೇ ಎನ್ನುವ ಹಾಗೆ.

ಹೀಗೆ ಎಂಟು ತಿಂಗಳು ಕಳೆಯಿತು. ಮೊದಮೊದಲು ಹಾಡು ಗುನುಗುತ್ತಿದ್ದ ಮೇಡಂ ಬರಬರುತ್ತ ಉಗುರು ಕಚ್ಚತೊಡಗಿದರು. ಒಂದು ದಿನ ಒಳಹೋದ ಅನಿಲದಲ್ಲಿ ಹತ್ತಕ್ಕೆ ಏಳು ಪಾಲು ಬದಲಾಗಿ ಬರುತ್ತಿತ್ತು. ಆಮೇಲೆ ವಾರಗಟ್ಟಲೆ ಹತ್ತಕ್ಕೆ ಮೂರು ದಾಟುತ್ತಿರಲಿಲ್ಲ. ಅದೇ ಪುಡಿ, ಅದೇ ತೂಕ, ಅದೇ ಬಿಸಿ. ಮೇಡಂ ಪುಡಿ ಬದಲಾಯಿಸಿದರು, ಸಿಲಿಂಡರ್ ಬದಲಾಯಿಸಿದರು. ಕೊನೆಗೆ ಕಣ್ಣು ನನ್ನ ಮೇಲೂ ಬಿತ್ತು. ಫರ್ನೇಸಿನ ಬಿಸಿ ಸರಿಯಿದೆಯೇ ಎಂದು ಮೂರನೇ ಸಲ ಕೇಳಿದಾಗ ನಾನು ಕೆರಳಿದೆ. "ಇಪ್ಪತ್ತೆಂಟು ವರ್ಷದಿಂದ ಬೆಂಕಿ ಮುಂದೆ ಕೂತಿದ್ದೀನಿ ಮೇಡಂ, ಬೇಕಾದ್ರೆ ನೀವೇ ಕೈ ಇಟ್ಟು ನೋಡಿ" ಎಂದುಬಿಟ್ಟೆ. ಹಾಗೆ ಹೇಳಬಾರದಿತ್ತು.

ಕೆಲಸ ಮುಂದುವರಿಸಬೇಕೇ ಬೇಡವೇ ಎಂದು ತೀರ್ಮಾನಿಸುವ ಸಮಿತಿ ಬರಲು ಇನ್ನು ಹನ್ನೆರಡು ದಿನ ಇತ್ತು. ಆಗ ಮೇಡಂ ಒಂದು ಹಳೆಯ ಬಿಲ್ಲೆಯನ್ನು, ಫರ್ನೇಸಿನಲ್ಲಿ ಇದ್ದು ಬಂದದ್ದನ್ನು, ಗರಗಸದಿಂದ ನಡುವೆ ಕೊಯ್ಯಿಸಿದರು. ಅಲ್ಲಿಯವರೆಗೆ ಯಾರೂ ಬಿಲ್ಲೆಯ ಒಡಲು ನೋಡಿರಲಿಲ್ಲ. ಕೊಯ್ದ ಹೋಳುಗಳನ್ನು ಹಿಡಿದುಕೊಂಡು ನೇರ ಅತ್ತಿಗೆಯ ಮೇಜಿಗೆ ಬಂದರು. ಅವರ ಕಣ್ಣು ಕೆಂಪಗಿತ್ತು.

"ನೋಡಿ ಅತ್ತಿಗೆ. ಮೇಲರ್ಧ ಹಳದಿ, ಕೆಳಗರ್ಧ ಬರೀ ಬಿಳಿ. ಬಿಸಿಗೆ ತಳದ ಲೇಪ ಎಲ್ಲ ಉದುರಿಹೋಗಿದೆ. ಈ ಪುಡಿ ಬಿಸಿ ತಡೆಯೋದಿಲ್ಲ. ನಾನು ಅಂದ್ಕೊಂಡಿದ್ದೇ ತಪ್ಪು. ಸಮಿತಿಗೆ ಹಾಗೇ ಬರೆದುಕೊಡ್ತೀನಿ, ಇಲ್ಲಿಗೆ ಮುಗಿಸಿಬಿಡೋಣ. ನಿಮಗೆ ನಾನೇ ಮೊದಲು ಹೇಳಬೇಕು ಅನ್ನಿಸ್ತು."

ಅತ್ತಿಗೆ ಹೋಳನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು. ಬಿಳಿಯ ಭಾಗದ ಮೇಲೆ ಹೆಬ್ಬೆರಳು ಆಡಿಸಿದರು. ಆಮೇಲೆ ತಲೆ ತಗ್ಗಿಸಿ ಅದನ್ನು ಮೇಜಿನ ಮೇಲಿಟ್ಟರು. ಮೇಡಂ ಅದನ್ನು ದುಃಖ ಎಂದುಕೊಂಡರು, ನಾನೂ ಹಾಗೇ ಎಂದುಕೊಂಡೆ.

ಸಂಜೆ ಮನೆಯಲ್ಲಿ ಅತ್ತಿಗೆ ಅಡುಗೆಮನೆಯ ಮಣೆಯ ಮೇಲೆ ಕೂತು ಸುಮ್ಮನೆ ತಮ್ಮ ಎಡಗೈ ನೋಡುತ್ತಿದ್ದರು. ನಾನು ನೀರು ಕುಡಿಯಲು ಹೋದವನು ಬಾಗಿಲಲ್ಲೇ ನಿಂತೆ.

"ಅದು ಉದುರಿದ್ದಲ್ಲ ಕಣೋ," ಎಂದರು. "ನಾನು ಒರೆಸಿದ್ದು."

ನನಗೆ ಅರ್ಥವಾಗಲಿಲ್ಲ.

"ತಳ ಒರೆಸಿಬಿಟ್ಟಿದ್ದೀನಿ. ಪ್ರತಿ ಸಲ. ಅದ್ದೋದು ಬಲಗೈ, ಒರೆಸೋದು ಎಡಗೈ. ಆ ಕೈ ನನ್ನನ್ನ ಕೇಳೋದೇ ಇಲ್ಲ. ಸ್ಪಂಜು ತಾಗಿದ ಕೂಡಲೇ ತೂತಲ್ಲಿ ಇರೋದನ್ನೆಲ್ಲ ಹೀರಿಬಿಡ್ತದೆ. ತೂಕ ಕಮ್ಮಿ ಬರ್ತಿತ್ತು. ಮತ್ತೆ ಅದ್ದಿ ಮೇಲರ್ಧದಲ್ಲೇ ನಾಲ್ಕು ಗ್ರಾಂ ತುಂಬಿಸಿದ್ದೀನಿ."

ಆ ಸ್ಪಂಜು ಎಂಟು ತಿಂಗಳು ನಮ್ಮೆಲ್ಲರ ಎದುರಿಗೇ ಇತ್ತು. ಮೇಡಂ ಅದು ಕೈ ಒರೆಸಲು ಎಂದುಕೊಂಡಿದ್ದಿರಬೇಕು. ನನಗಂತೂ ಅದು ಕಣ್ಣಿಗೇ ಬಿದ್ದಿರಲಿಲ್ಲ. ಮೆರುಗು ಹಾಕುವವರ ಕೈಯಲ್ಲಿ ಸ್ಪಂಜು ಇಲ್ಲದಿದ್ದರೆ ಬಹುಶಃ ನೋಡುತ್ತಿದ್ದೆ.

"ಅತ್ತಿಗೆ, ಸುಮ್ಮನಿರಿ," ಎಂದೆ.

ಅವರು ತಲೆಯೆತ್ತಿದರು.

"ಬಿಸಿಗೆ ಉದುರಿತು ಅಂತ ಅವರೇ ಹೇಳ್ತಿದ್ದಾರಲ್ಲ. ಹಾಗೇ ಇರಲಿ. ಯಾರ ತಲೆ ಮೇಲೂ ಬರೋದಿಲ್ಲ. ಈಗ ಹೋಗಿ ಹೇಳಿದ್ರೆ ಎಂಟು ತಿಂಗಳು ಹಾಳು ಮಾಡಿದ್ದು ನೀವು ಅಂತಾಗ್ತದೆ. ನಿಮ್ಮನ್ನ ತಂದು ಸೇರಿಸಿದ್ದು ನಾನು. ನನ್ನ ಕೆಲಸವೂ ಅಲ್ಲೇ ಇದೆ."

"ಆ ಹುಡುಗಿ ತಪ್ಪು ತಾನೇ ಮಾಡಿದ್ದು ಅಂತ ಬರೆದುಕೊಡ್ತಾಳಲ್ಲ," ಎಂದರು ಅತ್ತಿಗೆ. "ಅವಳು ಮಾಡಿಲ್ಲ."

"ಅವರು ಓದಿದವರು, ಇನ್ನೊಂದು ಏನಾದ್ರೂ ಹುಡುಕಿಕೊಳ್ತಾರೆ. ನೀವು ಸುಮ್ಮನಿರಿ."

ಅತ್ತಿಗೆ ಎದ್ದು ನನಗೆ ತಟ್ಟೆ ಹಾಕಿದರು. ಒಪ್ಪಿದರು ಎಂದುಕೊಂಡು ನಾನು ನೆಮ್ಮದಿಯಾಗಿ ಊಟ ಮಾಡಿದೆ. ನನ್ನ ಬಗ್ಗೆ ನನಗೇ ಈಗ ನಾಚಿಕೆಯಾಗುವುದು ಆ ಊಟ ನೆನೆದರೆ. ಎರಡನೇ ಸಲ ಬಡಿಸಿಕೊಂಡಿದ್ದೆ ಕೂಡ.

ಮರುದಿನ ಬೆಳಿಗ್ಗೆ ಮೇಡಂ ಬ್ಯಾಗು ಇಳಿಸುವ ಮೊದಲೇ ಅತ್ತಿಗೆ ಅವರ ಮುಂದೆ ಹೋಗಿ ನಿಂತರು. ನಾನು ಫರ್ನೇಸಿನ ಹಿಂದೆ ಯಾವುದೋ ತಿರುಪು ಬಿಗಿಮಾಡುವವನ ಹಾಗೆ ಬಗ್ಗಿಕೊಂಡೆ. ಬಿಗಿಯಾಗಬೇಕಾದ ತಿರುಪು ಯಾವುದೂ ಇರಲಿಲ್ಲ.

"ಮೇಡಂ, ಲೇಪ ಉದುರಿಲ್ಲ. ನಾನು ಒರೆಸಿದ್ದೀನಿ. ಬನ್ನಿ, ತೋರಿಸ್ತೀನಿ."

ಒಂದು ಹೊಸ ಬಿಲ್ಲೆ ತೆಗೆದು ಅದ್ದಿದರು, ಎತ್ತಿದರು, ಕೊಡವಿದರು. "ಈಗ ನನ್ನ ಎಡಗೈ ನೋಡ್ತಾ ಇರಿ" ಎಂದರು. ಎಡಗೈ ತಾನಾಗಿ ಹೋಗಿ ಸ್ಪಂಜು ಹಿಡಿದು ತಳದ ಮೇಲೆ ಒಮ್ಮೆ ಹಾದು ವಾಪಸ್ಸು ಬಂತು. ಹಳದಿ ಇದ್ದಲ್ಲಿ ಬಿಳಿ ಕಾಣಿಸಿತು. ಕಣ್ಣು ಮಿಟುಕಿಸಿದ್ದರೆ ಗೊತ್ತಾಗುತ್ತಿರಲಿಲ್ಲ.

ಮೇಡಂ ಆ ಬಿಲ್ಲೆಯನ್ನು ಕಿತ್ತುಕೊಂಡು ತಿರುಗಿಸಿ ನೋಡಿದರು. ಆಮೇಲೆ "ಎಂಟು ತಿಂಗಳು ಅತ್ತಿಗೆ!" ಎಂದು ಕೂಗಿದರು. ಅವರು ಕೂಗಿದ್ದನ್ನು ಅದಕ್ಕೆ ಮೊದಲು ನಾವ್ಯಾರೂ ಕೇಳಿರಲಿಲ್ಲ. ಬಾಗಿಲನ್ನು ಧಡಾರನೆ ಹಾಕಿಕೊಂಡು ಹೊರಗೆ ಹೋದರು. ಅತ್ತಿಗೆ ಕೈ ತೊಳೆದು, ಸ್ಪಂಜು ಹಿಂಡಿ ಒಣಹಾಕಿ, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಸ್ಟೂಲಿನ ಮೇಲೆ ಕೂತರು. ಹೋಗು ಎಂದರೆ ಹೋಗಲು ತಯಾರಾಗಿ ಕೂತಿದ್ದರು. ನಾನು ಹತ್ತಿರ ಹೋಗಲಿಲ್ಲ.

ಮುಕ್ಕಾಲು ಗಂಟೆಯಾದ ಮೇಲೆ ಮೇಡಂ ಮುಖ ತೊಳೆದುಕೊಂಡು ಬಂದರು. ಕೈಯಲ್ಲಿ ಪ್ರಯೋಗದ ದಿನಚರಿ ಪುಸ್ತಕ ಇತ್ತು.

"ಒಂದೇ ಒಂದು ಅರ್ಥ ಆಗ್ತಿಲ್ಲ," ಎಂದರು. "ಎಲ್ಲ ಬಿಲ್ಲೆಗಳೂ ಹೀಗೇ ಇದ್ರೆ ಒಂಬತ್ತು ಸಲ ಮಾತ್ರ ಯಾಕೆ ಚೆನ್ನಾಗಿ ಬಂತು?"

"ತಳ ಮೇಲೆ ಮಾಡಿ ಇಟ್ಟಿರಬೇಕು," ಎಂದರು ಅತ್ತಿಗೆ. "ಆಗ ಲೇಪ ಇರೋ ಕಡೆ ಬಿಸಿಗೆ ಸಿಗ್ತದೆ."

ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು. ನಾನು ಎದ್ದು ನಿಂತೆ. "ನಾನು ಯಾವತ್ತೂ ತಳ ಕೆಳಗೇ ಇಡೋದು," ಎಂದೆ. "ಒರೆಸಿದ ಕಡೆ ಕೆಳಗೆ ಬರಬೇಕು. ಭಟ್ಟಿ ತುಂಬೋನು ಯಾರಾದ್ರೂ ಬೇರೆ ಥರ ಇಡ್ತಾನಾ?" ಹೇಳುತ್ತ ಹೇಳುತ್ತಲೇ ನನಗೆ ಹೊಳೆಯಿತು. ಅವರು ಯೋಚನೆಯಿಲ್ಲದೆ ಒರೆಸಿದ್ದನ್ನು ನಾನು ಯೋಚನೆಯಿಲ್ಲದೆ ಕೆಳಗಿಟ್ಟಿದ್ದೆ.

ಮೇಡಂ ಪುಸ್ತಕ ತಿರುವಿದರು. ಆ ಒಂಬತ್ತು ದಿನಗಳಲ್ಲಿ ಬಿಲ್ಲೆ ಇಟ್ಟವರು ಅವರೇ. ಹಳದಿ ಹೆಚ್ಚಿರುವ ಮುಖ ಅನಿಲ ಬರುವ ಕಡೆಗೆ ಇರಲಿ ಎಂದು ಹಾಗೆ ಇಟ್ಟಿದ್ದರಂತೆ. ಒಣಗುವಾಗ ಲೇಪ ಒಂದು ಮುಖಕ್ಕೆ ಇಳಿಯುತ್ತದೆ, ನಾನೂ ಹಾಗೇ ಇಡುತ್ತೇನೆ ಎಂದು ತಿಳಿದಿದ್ದರಂತೆ. ಒಂಬತ್ತೂ ನಾನು ಬೆನ್ನು ನೋವೆಂದೋ ಹಲ್ಲು ನೋವೆಂದೋ ರಜೆ ಹಾಕಿದ್ದ ದಿನಗಳು. ನಾನು ಬಂದ ದಿನ ಕೆಲಸ ಕೆಟ್ಟಿತ್ತು, ಬಾರದ ದಿನ ಹೂವಿನ ಹಾಗೆ ನಡೆದಿತ್ತು.

ಮೇಡಂ ಮೊದಲು ತುಟಿ ಬಿಗಿಹಿಡಿದರು. ಆಮೇಲೆ ತಡೆಯಲಾಗದೆ ನಕ್ಕುಬಿಟ್ಟರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಅದೇ ನೀರಲ್ಲಿ ಒಂದಷ್ಟು ಅತ್ತರು. "ನಿಮಗೆ ಇನ್ನೊಂದಿಷ್ಟು ಹಲ್ಲು ನೋವು ಬರಬೇಕಿತ್ತು" ಎಂದು ನನಗೆ ಹೇಳಿದರು. ಅತ್ತಿಗೆಯ ಚೀಲವನ್ನು ತಾವೇ ತೆಗೆದು ಮೊಳೆಗೆ ತೂಗುಹಾಕಿದರು.

ಉಳಿದ ಹನ್ನೊಂದು ದಿನಗಳಲ್ಲಿ ಹೊಸ ಬಿಲ್ಲೆಗಳಿಗೆ ಲೇಪ ಕೊಟ್ಟು ಪ್ರಯೋಗ ಮಾಡಬೇಕಿತ್ತು. ಮೇಡಂ ಸ್ಪಂಜನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಅದರಿಂದೇನು? ಎಡಗೈ ಸೆರಗನ್ನು ಹುಡುಕಿಕೊಂಡು ಹೋಯಿತು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರೆ ಬೆರಳಿನಿಂದಲೇ ತಳ ಸವರಿತು. ಮೊದಲ ದಿನದ ನಾಲ್ಕೂ ಬಿಲ್ಲೆಗಳು ಹಾಳು. ಅತ್ತಿಗೆ ತಮ್ಮ ಕೈಗೆ ತಾವೇ ರಪ್ಪನೆ ಒಂದು ಏಟು ಹಾಕಿಕೊಂಡದ್ದನ್ನು ನೋಡಿ ನನಗೆ ನಗು ಬರಲಿಲ್ಲ.

ಎರಡನೇ ದಿನ ಅವರು ಬರುವಾಗ ಒಂದು ಮುದ್ದೆ ಜೇಡಿಮಣ್ಣು ತಂದರು. ಅದರಲ್ಲಿ ಮೂರು ಮೊನೆಯ ಸಣ್ಣ ಆನಿಕೆಗಳನ್ನು ಮಾಡಿ ನನ್ನಿಂದ ಸುಡಿಸಿದರು. ಕಾರ್ಖಾನೆಯಲ್ಲಿ ಕೆಲವು ದುಬಾರಿ ತಟ್ಟೆಗಳಿಗೆ ತಳಕ್ಕೂ ಮೆರುಗು ಇರುತ್ತಿತ್ತು. ಅಂಥವು ಭಟ್ಟಿಯಲ್ಲಿ ಹಾಸುಗಲ್ಲಿನ ಮೇಲೆ ಕೂರುವುದಿಲ್ಲ, ಇಂಥ ಮೂರು ಮೊನೆಗಳ ಮೇಲೆ ನಿಲ್ಲುತ್ತವೆ. ಅವುಗಳ ತಳ ಒರೆಸುವ ಹಾಗಿಲ್ಲ. ಅತ್ತಿಗೆ ಆನಿಕೆಗಳನ್ನು ಕಣ್ಣೆದುರಿಗೆ ಸಾಲಾಗಿ ಇಟ್ಟುಕೊಂಡು ಬಿಲ್ಲೆ ಅದ್ದಿದರು. ಎಡಗೈ ಅಲುಗಿತು, ಆನಿಕೆಯ ಹತ್ತಿರ ಹೋಯಿತು, ಅದನ್ನೇ ಎತ್ತಿ ಬಿಲ್ಲೆಯ ಕೆಳಗೆ ಇಟ್ಟಿತು.

"ಕೈಗೆ ಬೇಡ ಅಂದ್ರೆ ಕೇಳೋದಿಲ್ಲ ಮೇಡಂ," ಎಂದರು. "ಬೇರೆ ಕೆಲಸ ಕೊಡಬೇಕು."

ಮೊದಲ ಬಿಲ್ಲೆ ಹತ್ತಕ್ಕೆ ಏಳೂವರೆ ಕೊಟ್ಟಿತು. ಎರಡನೆಯದು ಏಳೂವರೆ. ಮೂರನೆಯದನ್ನು ನಾನು ಬೇಕೆಂದೇ ತಲೆಕೆಳಗು ಮಾಡಿ ಇಟ್ಟೆ. ಅದೂ ಏಳೂವರೆಯೇ. ಬಿಟ್ಟೂಬಿಡದೆ ನಾಲ್ಕು ದಿನ ಕಾಯಿಸಿದ ಬಿಲ್ಲೆಯನ್ನು ಕೊಯ್ದು ನೋಡಿದರೆ ಮೇಲಿಂದ ಕೆಳಗಿನವರೆಗೆ ಹಳದಿ. ಒಂದು ಚೂರೂ ಉದುರಿರಲಿಲ್ಲ. ಮೇಡಂ ಮೊದಲಿನಿಂದಲೂ ಅಂದುಕೊಂಡಿದ್ದು ಸರಿಯಾಗಿತ್ತು.

ಸಮಿತಿಯ ದಿನ ಮೂವರು ಹಿರಿಯರು ಉದ್ದ ಮೇಜಿನ ಆಚೆ ಕೂತಿದ್ದರು. ಮೇಡಂ ಮುಚ್ಚುಮರೆಯಿಲ್ಲದೆ ಎಲ್ಲವನ್ನೂ ಹೇಳಿದರು, ತಾವು ಗಮನಿಸದೆ ಹೋದದ್ದನ್ನೂ ಸೇರಿಸಿ. ನನ್ನನ್ನೂ ಅತ್ತಿಗೆಯನ್ನೂ ಒಳಗೆ ಕರೆದು ಗೋಡೆಯ ಪಕ್ಕದ ಕುರ್ಚಿಗಳಲ್ಲಿ ಕೂರಿಸಿದ್ದರು. ಹಿರಿಯರಲ್ಲಿ ಒಬ್ಬರು ಕನ್ನಡಕ ಸರಿಮಾಡಿಕೊಂಡು, "ಹಾಗಾದ್ರೆ ತಪ್ಪನ್ನ ಕಂಡುಹಿಡಿದವರು ಇವರೇ ಏನು?" ಎಂದು ಅತ್ತಿಗೆಯನ್ನು ನೋಡಿ ಮೆಚ್ಚುಗೆಯಿಂದ ಕೇಳಿದರು.

ಹೌದು ಎಂದರೆ ಮುಗಿದುಹೋಗುತ್ತಿತ್ತು. ಅತ್ತಿಗೆ ಎದ್ದು ನಿಂತರು.

"ಕಂಡುಹಿಡಿದವಳಲ್ಲ ಸಾರ್," ಎಂದರು. "ಮಾಡಿದವಳು."

ಆ ಹಿರಿಯರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಕೂತುಕೊಳ್ಳಿ ಅಮ್ಮ" ಎಂದರು. ಕೆಲಸ ಇನ್ನೆರಡು ವರ್ಷ ಮುಂದುವರಿಯಲಿ ಎಂದು ತೀರ್ಮಾನವಾಯಿತು. ಅತ್ತಿಗೆಯೂ ಇರಲಿ ಎಂದು ನಿರ್ದೇಶಕರು ಹೇಳಿದರು. ಮೇಡಂ ಅತ್ತಿಗೆಯನ್ನು ಎಲ್ಲರೆದುರಿಗೇ ತಬ್ಬಿಕೊಂಡರು.

ಸಂಜೆ ನಾವಿಬ್ಬರೂ ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತೆವು. ಅತ್ತಿಗೆಗೆ ಖುಷಿಯಾಗಿತ್ತು. ಚಪ್ಪಲಿ ಬಿಟ್ಟು ಕಾಲು ಆಡಿಸುತ್ತಿದ್ದರು. ಹನ್ನೆರಡು ದಿನದಿಂದ ಎದೆಯಲ್ಲಿಟ್ಟುಕೊಂಡಿದ್ದ ಮಾತನ್ನು ನಾನು ಕೇಳಿಯೇಬಿಟ್ಟೆ.

"ಅತ್ತಿಗೆ, ನಾನು ಸುಮ್ಮನಿರಿ ಅಂದಿದ್ದನ್ನ ಮೇಡಂಗೆ ಹೇಳಿದ್ರಾ?"

ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ನೀನು ಯಾವತ್ತು ಹಾಗಂದ್ಯೋ? ನಂಗೆ ನೆನಪಿಲ್ಲಪ್ಪ."

ಬಸ್ಸು ಬಂತು. ಅವರು ಚಪ್ಪಲಿ ಮೆಟ್ಟಿಕೊಂಡು ಮುಂದೆ ಹತ್ತಿ ನನಗೂ ಪಕ್ಕದಲ್ಲಿ ಜಾಗ ಹಿಡಿದರು. ಎಂಟು ತಿಂಗಳಲ್ಲಿ ಅದ್ದಿದ ಒಂದೊಂದು ಬಿಲ್ಲೆಯ ತೂಕವನ್ನೂ ಪುಸ್ತಕ ನೋಡದೆ ಹೇಳುವ ಹೆಂಗಸು ಅವರು. ತಾವು ಮದುವೆಯಾಗಿ ನಮ್ಮ ಮನೆಗೆ ಬಂದ ದಿನ ನಾನು ಯಾವ ಅಂಗಿ ಹಾಕಿದ್ದೆ ಎಂಬುದೂ ಅವರಿಗೆ ನೆನಪಿದೆ. ಇವತ್ತಿಗೂ ಮೇಡಂಗೆ, ನನ್ನ ಹೆಂಡತಿಗೆ, ಯಾರಿಗೂ ಅವರು ಆ ಮಾತು ಹೇಳಿಲ್ಲ.

ಅದಕ್ಕೇ ನಾನೇ ಇಲ್ಲಿ ಬರೆಯುತ್ತಿದ್ದೇನೆ. ಅಂದಿದ್ದೆ ಅತ್ತಿಗೆ. ಅಡುಗೆಮನೆಯ ಬಾಗಿಲಲ್ಲಿ ನಿಂತು ಎರಡು ಸಲ ಅಂದಿದ್ದೆ.